ಇನ್ನೊಬ್ಬರ ಸೇಡು

ಎಲ್ಲರೂ ಡಾಕ್ಟರಮ್ಮ ಎಂದು ಕರೆಯುತ್ತಿದ್ದರೂ ಅವರು ಮಾತ್ರೆ ಬರೆದುಕೊಡುವ ಡಾಕ್ಟರಲ್ಲ. ಹೊಸಬರು ಬಂದು ಕೂತ ಕೂಡಲೇ ಅದನ್ನು ಹೇಳಿಬಿಡುತ್ತಿದ್ದರು. "ನಾನು ಸೈಕಾಲಜಿಸ್ಟು. ನನ್ನ ಹತ್ರ ಇಂಜೆಕ್ಷನ್ನೂ ಇಲ್ಲ, ಔಷಧಿನೂ ಇಲ್ಲ. ಎರಡು ಕಿವಿ ಇದೆ, ಅಷ್ಟೆ." ಕೆಲವರ ಮುಖ ಅಲ್ಲೇ ಸಪ್ಪಗಾಗುತ್ತಿತ್ತು. ಕಿವಿಗಳು ಅವರ ಮನೆಯಲ್ಲೂ ಬೇಕಾದಷ್ಟಿದ್ದವಲ್ಲ. ಆದರೂ ಎರಡು ಸಲ ಬಂದವರು ಮೂರನೇ ಸಲ ಬರದೇ ಇದ್ದದ್ದು ಕಡಿಮೆ.

ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಎರಡು ಕೋಣೆ. ಹೊರಗಿನದರಲ್ಲಿ ಒಂದು ಬೆಂಚು, ನೀರಿನ ಫಿಲ್ಟರು, ಕಟಕಟ ಸದ್ದು ಮಾಡುವ ಫ್ಯಾನು. "ಅದನ್ನೊಂದು ರಿಪೇರಿ ಮಾಡಿಸಬಾರದೇನೇ" ಎಂದು ಗಂಡ ಕೇಳಿದಾಗಲೆಲ್ಲ, "ಅದು ಸದ್ದು ಮಾಡ್ಲಿ ಅಂತಾನೇ ಇಟ್ಟಿರೋದು. ಒಳಗಿನ ಮಾತು ಬೆಂಚಿನವರಿಗೆ ಕೇಳಬಾರದು" ಎನ್ನುತ್ತಿದ್ದರು. ಒಳಗೆ ಮೂರು ಕುರ್ಚಿ. ಒಂದು ಬಂದವರಿಗೆ, ಒಂದು ತಮಗೆ, ಮೂರನೆಯದು ಅಲ್ಲಿ ಇಲ್ಲದವರಿಗೆ. ಯಾರ ಮೇಲೆ ಸಿಟ್ಟೋ ಅವರು ಆ ಖಾಲಿ ಕುರ್ಚಿಯಲ್ಲಿ ಕೂತಿದ್ದಾರೆಂದುಕೊಂಡು ಮಾತಾಡಿಸುವುದು ಆ ಕಸುಬಿನಲ್ಲಿ ಹಳೆಯ ಪದ್ಧತಿ.

ಡಾಕ್ಟರಮ್ಮ ಯಾರಿಗೂ "ಕ್ಷಮಿಸಿಬಿಡಿ" ಎಂದವರಲ್ಲ. "ಆ ಮಾತು ಕೇಳೋಕೆ ಇಷ್ಟು ಮೆಟ್ಟಿಲು ಹತ್ತಿ ಬರ್ಬೇಕಾ? ನೆಂಟರೇ ಮನೆಗೆ ಬಂದು ಹೇಳಿ ಹೋಗ್ತಾರೆ." ಅಳುವವರ ಕೈಗೆ ಟಿಶ್ಯೂ ಕೊಡುತ್ತಿರಲಿಲ್ಲ, ಕೊಟ್ಟರೆ ಸಾಕು ನಿಲ್ಲಿಸು ಅಂದ ಹಾಗಾಗುತ್ತದೆ, ಕೈಗೆಟಕುವಂತೆ ಇಟ್ಟಿದ್ದರೆ ಬೇಕಾದಾಗ ತಾವೇ ತೆಗೆದುಕೊಳ್ಳುತ್ತಾರೆ. ಏನು ಮಾಡಬೇಕೆಂದೂ ಹೇಳುತ್ತಿರಲಿಲ್ಲ. ಸೇಡು ತೀರಿಸಿಕೊಳ್ಳಬೇಕು ಎಂದು ಯಾರಾದರೂ ಹಲ್ಲು ಕಡಿದರೆ ಗಾಬರಿ ಬೀಳದೆ, "ಹೇಗೆ? ಎಲ್ಲಿ? ಆಗ ಅವರ ಮುಖ ಹೇಗಿರುತ್ತೆ?" ಎಂದು ಕೇಳಿ ಕೇಳಿ ಪೂರ್ತಿ ಹೇಳಿಸುತ್ತಿದ್ದರು. ಒಬ್ಬ ಗುಮಾಸ್ತ ತನ್ನ ಅಣ್ಣನ ಕಾರಿನ ಗಾಜುಗಳನ್ನೆಲ್ಲ ಪುಡಿಪುಡಿ ಮಾಡಬೇಕೆಂದು ಬಂದಿದ್ದ. ಮೂರನೇ ಸಲ ಹೇಳುವಾಗ ಅವನ ಬಾಯಿಂದ ಬಂತು: "ಆಮೇಲೆ ಅಣ್ಣ ಹೊರಗೆ ಬಂದು, ಯಾಕೋ ಹೀಗೆ ಮಾಡ್ದೆ ಅಂತ ಕೇಳ್ಬೇಕು." ಅವನಿಗೆ ಬೇಕಾಗಿದ್ದದ್ದು ಆ ಪ್ರಶ್ನೆ. ಗಾಜು ಉಳಿಯಿತು.

ಇಂಥ ಡಾಕ್ಟರಮ್ಮನ ಬಳಿಗೆ ಕೇಕಿನ ಹುಡುಗಿ ಬಂದಳು. ಮೂವತ್ತು ದಾಟಿದವಳನ್ನು ಹುಡುಗಿ ಅನ್ನಬಾರದು, ಆದರೆ ಬೇಕರಿಯಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ಕೇಕಿನ ಮೇಲೆ ಕೆನೆಯಲ್ಲಿ ಹೆಸರು ಬರೆಯುವುದು, ಹೂಬಳ್ಳಿ ಬಿಡಿಸುವುದು ಅವಳ ಕೆಲಸ. ಅಚ್ಚು ಹಾಕಿದಂಥ ಅಕ್ಷರ. ಕೆಲವು ದಿನಗಳಿಂದ, ಮುಂದಿನ ಕೌಂಟರಿನಲ್ಲಿ ಯಾರಾದರೂ ಗೊಳ್ಳೆಂದು ನಕ್ಕರೆ ಸಾಕು, ಅವಳ ಕೈ ನಡುಗುತ್ತಿತ್ತು. ಒಂದು ಮದುವೆಯ ಕೇಕು ಹಾಳಾಗಿತ್ತು. ಇನ್ನೊಂದು ಹಾಳಾದರೆ ಕೆಲಸ ಹೋಗುತ್ತದೆ ಎಂದು ಯಜಮಾನ ಎಚ್ಚರಿಸಿದ್ದ.

ಅವಳಿಗೆ ಉಗ್ಗು ಇತ್ತು. "ಉಗ್ಗು ಸ-ಸರಿ ಮಾಡಿ ಅಂತ ಬಂದಿಲ್ಲ" ಎಂದು ಮೊದಲ ದಿನವೇ ಹೇಳಿದಳು. ಒಂದೊಂದು ಶಬ್ದದ ಬಾಗಿಲಲ್ಲಿ ಅವಳು ಎಷ್ಟು ಹೊತ್ತು ನಿಂತರೂ ಡಾಕ್ಟರಮ್ಮ ಕಾದರು. ಮುಂದಿನ ಮಾತು ಏನೆಂದು ಗೊತ್ತಾದಾಗಲೂ ಕಾದರು. ಹೋಗುವಾಗ ಅವಳು ಬಾಗಿಲಲ್ಲಿ ತಿರುಗಿ ನಿಂತಳು.

"ನೀವು ನನ್ನ ಮಾತು ಪೂರ್ತಿ ಮಾಡ್ಲಿಲ್ಲ. ಎಲ್ಲರೂ ಮಾಡ್ತಾರೆ, ಸಹಾಯ ಅಂತ. ನೀವು ಮಾಡ್ಲಿಲ್ಲ. ಮುಂದಿನ ವಾರ ಬರ್ತೀನಿ."

ಬಂದಳು, ಬರುತ್ತಲೇ ಇದ್ದಳು. ಅವಳ ಕಥೆ ಸ್ವಲ್ಪ ಸ್ವಲ್ಪವಾಗಿ ಹೊರಗೆ ಬಂತು. ಅಪ್ಪ ತೀರಿಕೊಂಡ ಮೇಲೆ ತಾಯಿ ಮಗಳು ಚಿಕ್ಕಪ್ಪನ ಮನೆ ಸೇರಿದ್ದರು. ಚಿಕ್ಕಪ್ಪ ಹೊಡೆಯಲಿಲ್ಲ, ಬಡಿಯಲಿಲ್ಲ, ಉಪವಾಸ ಕೆಡವಲಿಲ್ಲ. ಅವನು ನಗಿಸುವ ಮನುಷ್ಯ. ಮನೆಗೆ ನಾಲ್ಕು ಜನ ಬಂದರೆ ಅವಳ ಕೈಗೆ ಬಿಸ್ಕತ್ತಿನ ತಟ್ಟೆ ಕೊಟ್ಟು ನಡುಮನೆಗೆ ಕಳಿಸುತ್ತಿದ್ದ. "ಬಿಸ್ಕತ್ತು ಬೇಕಾ ಅಂತ ಎಲ್ಲರನ್ನೂ ಕೇಳಮ್ಮ." ಆ 'ಬಿ' ಅವಳ ಬಾಯಿ ದಾಟುತ್ತಿರಲಿಲ್ಲ. ಬಿ... ಬಿ... ಬಿ... ಆಗ ಅವನು ಕಂಡಕ್ಟರನ ಹಾಗೆ ಕೈ ಎತ್ತಿ ಕೂಗುತ್ತಿದ್ದ: "ಏನು ಮಾಡೋದು ಸ್ವಾಮಿ, ಬಿಸ್ಕತ್ತು ಮೆತ್ತಗಾಯ್ತು, ನೆಂಟರು ಎದ್ದು ಹೋದ್ರು, ನಮ್ಮ ಬಸ್ಸು ಇನ್ನೂ 'ಬಿ' ಸ್ಟಾಪಲ್ಲೇ ನಿಂತಿದೆ!"

ಬಂದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ತಾಯಿ ತಲೆ ತಗ್ಗಿಸಿ ನಿಂತಿರುತ್ತಿದ್ದಳು. ಅವನ ಮನೆಯ ಅನ್ನ ತಿನ್ನುವವಳು, ಏನು ಮಾತಾಡಿಯಾಳು?

'ಬಿ' ಸ್ಟಾಪು ಎಂಬ ಮಾತು ಕಿವಿಗೆ ಬಿದ್ದದ್ದೇ ಡಾಕ್ಟರಮ್ಮ ಬೆಚ್ಚಿಬಿದ್ದರು. ಅವರು ಆ ಮಾತನ್ನು ಮೊದಲೇ ಕೇಳಿದ್ದರು.

ಅವರ ಮನೆಯಿದ್ದ ವಸತಿ ಕಟ್ಟಡದಲ್ಲಿ ಮೇಲಿನ ಮಹಡಿಯಲ್ಲಿ ಒಬ್ಬ ಹಿರಿಯರಿದ್ದರು. ಕಟ್ಟಡದ ಯಾವ ಕೂಟವಿರಲಿ, ಮೈಕು ಅವರ ಕೈಯಲ್ಲೇ. ಹಾಗಾಗಿ ಎಲ್ಲರೂ ಮೈಕಣ್ಣ ಎನ್ನುತ್ತಿದ್ದರು. ಲಿಫ್ಟಿನಲ್ಲಿ ಸಿಕ್ಕರೆ ಇಳಿಯುವಷ್ಟರಲ್ಲಿ ಒಂದು ಜೋಕು ಹೇಳಿ ನಗಿಸಿಬಿಡುವವರು. ಹಿಂದಿನ ವರ್ಷದ ಕೂಟದಲ್ಲಿ, ತಾರಸಿಯ ಮೇಲೆ, ಅವರು ಹೇಳಿದ ಬಿಸ್ಕತ್ತಿನ ಹುಡುಗಿಯ ಜೋಕಿಗೆ ಎಲ್ಲರೂ ನಕ್ಕಿದ್ದರು. ಡಾಕ್ಟರಮ್ಮನೂ ನಕ್ಕಿದ್ದರು. ಸುಮ್ಮನೆ ಮುಗುಳ್ನಕ್ಕಿದ್ದಲ್ಲ, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಗಂಡನ ಭುಜಕ್ಕೆ ತಲೆ ಆನಿಸಿದ್ದರು.

ಅಲ್ಲಿಯವರೆಗೆ ಮನಸ್ಸಿನಲ್ಲೂ 'ಅವರು' ಎನ್ನುತ್ತಿದ್ದ ಡಾಕ್ಟರಮ್ಮ ಆವತ್ತಿನಿಂದ 'ಅವನು' ಎನ್ನತೊಡಗಿದರು.

ಕಸುಬಿನ ನಿಯಮ ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಹೀಗೆ ಬಂದವರ ಬದುಕೂ ತಮ್ಮ ಬದುಕೂ ಎಲ್ಲೋ ತಗಲಿಕೊಂಡರೆ ಬಂದವರಿಗೆ ಹೇಳಬೇಕು. ಬೇಕಾದರೆ ಬೇರೊಬ್ಬರ ಬಳಿ ಕಳಿಸಬೇಕು. ಕಡೇಪಕ್ಷ ದೊಡ್ಡ ಮೇಡಂಗಾದರೂ ಹೇಳಬೇಕು. ದೊಡ್ಡ ಮೇಡಂ ಅಂದರೆ ಡಾಕ್ಟರಮ್ಮನಿಗೆ ಕೆಲಸ ಕಲಿಸಿದ ಗುರು. ಈಗಲೂ ತಿಂಗಳಿಗೊಮ್ಮೆ ಹೋಗಿ, ಹೆಸರು ಹೇಳದೆ, ಕಷ್ಟದ ಪ್ರಕರಣಗಳನ್ನು ಅವರ ಮುಂದಿಟ್ಟು ಬರುವುದು ರೂಢಿ. ಆ ತಿಂಗಳು ಡಾಕ್ಟರಮ್ಮ ನೆಗಡಿ ಎಂದು ಹೇಳಿ ತಪ್ಪಿಸಿಕೊಂಡರು. ಹುಡುಗಿಗೂ ಹೇಳಲಿಲ್ಲ. ಹೇಳಿದರೆ ಅವಳು ಬರುವುದನ್ನು ನಿಲ್ಲಿಸುತ್ತಾಳೆ, ಅವಳ ಒಳ್ಳೆಯದಕ್ಕೇ ಸುಮ್ಮನಿರಬೇಕು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಇತ್ತ ಹುಡುಗಿ ಖಾಲಿ ಕುರ್ಚಿಗೆ ಮಾತಾಡುವುದನ್ನು ಶುರುಮಾಡಿದ್ದಳು. ಅವಳಿಗೆ ಬೇಕಾದ ಸೇಡು ಏನೆಂಬುದು ಈಗ ಸ್ಪಷ್ಟವಾಗಿತ್ತು. "ಅವರ ಮನೆಗೇ ಹೋಗ್ಬೇಕು. ಎದುರಿಗೆ ಕೂರಿಸ್ಕೊಂಡು ಮೊದಲಿಂದ ಕೊನೇತನಕ ಹೇಳ್ಬೇಕು. ಉಗ್ಗಿಕೊಂಡೇ ಹೇಳ್ತೀನಿ. ಒಂದೊಂದು ಮಾತಿಗೂ ಅವರು ಕಾ-ಕಾಯ್ಬೇಕು. ಎದ್ದು ಹೋಗೋ ಹಾಗಿಲ್ಲ. ನಗಿಸೋ ಹಾಗಿಲ್ಲ."

"ಯಾವಾಗ?"

"ಇನ್ನೂ ಇಲ್ಲ. ಇನ್ನೂ ಕೈ ನಡುಗುತ್ತೆ."

ಮಾತಿನ ನಡುವೆ ಅವಳು ಇನ್ನೊಂದು ವಿಷಯ ಹೇಳಿದ್ದಳು. ಚಿಕ್ಕಪ್ಪ ಕಾರ್ಯಕ್ರಮಕ್ಕೆ ಮುಂಚೆ ಬಚ್ಚಲುಮನೆಯ ಕನ್ನಡಿಯ ಮುಂದೆ ಜೋಕುಗಳನ್ನು ಒಪ್ಪಿಸಿಕೊಳ್ಳುತ್ತಿದ್ದ. ಜನ ನಗದಿದ್ದರೆ ಅವನ ಅಂಗಿ ಬೆನ್ನಿಗೆ ಅಂಟುವಷ್ಟು ಬೆವರುತ್ತಿತ್ತು. ಸಣ್ಣವನಾಗಿದ್ದಾಗ ಅವನಿಗೂ ನಾಲಿಗೆ ತೊಡರುತ್ತಿತ್ತಂತೆ. ಮನೆಯಲ್ಲಿ ಯಾರೂ ಅದನ್ನು ಎತ್ತುವ ಹಾಗಿರಲಿಲ್ಲ.

ಈ ಮಾತು ಡಾಕ್ಟರಮ್ಮನ ಒಳಗೆ ಹೋಗಿ ಕೂತಿತು. ಲಿಫ್ಟಿನಲ್ಲಿ ಅವನು ಹಲ್ಲು ಬಿಟ್ಟಾಗಲೆಲ್ಲ ಕೆಂಡ ತುಳಿದಂತಾಗುತ್ತಿತ್ತು. ಅನ್ನ ಕಲಸುತ್ತಾ ಕೈ ಹಾಗೇ ನಿಲ್ಲುತ್ತಿತ್ತು. "ಏನಾಯ್ತೇ?" ಎಂದು ಗಂಡ ಕೇಳಿದರೆ "ಏನಿಲ್ಲ ಬಿಡಿ." ಹುಡುಗಿಯ ಕೈ ನಡುಕ ಕಡಿಮೆಯಾಗುತ್ತಾ ಬಂದ ಹಾಗೆ ಡಾಕ್ಟರಮ್ಮನ ಉರಿ ಏರುತ್ತಾ ಹೋಯಿತು.

ಮತ್ತೆ ಕೂಟದ ದಿನ ಬಂತು. ತಾರಸಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ, ಬಣ್ಣದ ದೀಪ, ಕರಕರ ಎನ್ನುವ ಸ್ಪೀಕರು. ಯಾವತ್ತೂ ಹಿಂದೆ ಕೂರುತ್ತಿದ್ದ ಡಾಕ್ಟರಮ್ಮ ಆವತ್ತು ಮೊದಲ ಸಾಲಿನ ನಡುವೆ ಕೂತರು. "ಆ ಬಿಸ್ಕತ್ತಿಂದು ಹೇಳಿ ಮೈಕಣ್ಣಾ!" ಎಂದು ಯಾರೋ ಕೂಗಿದರು. ಅವನು ಹೇಳಿದ. ನಗು ಎದ್ದಿತು. ಅದು ಇಳಿಯುವವರೆಗೆ ಕಾದು ಡಾಕ್ಟರಮ್ಮ ಕೈ ಎತ್ತಿದರು.

"ಒಂದು ಪ್ರಶ್ನೆ. ಆ ಹುಡುಗಿಗೆ ಆಗ ಎಷ್ಟು ವಯಸ್ಸು?"

"ಯಾವ ಹುಡುಗಿ? ಅಯ್ಯೋ, ಇದು ಜೋಕು ಡಾಕ್ಟರಮ್ಮಾ!"

"ಜೋಕೇ. ಆದ್ರೂ ಎಷ್ಟಿರಬಹುದು?"

"ಏಳೋ ಎಂಟೋ..."

"ಓ. ಹಾಗಾದ್ರೆ ನಿಜವಾಗ್ಲೂ ಇದ್ಳು."

ಅಲ್ಲೊಬ್ಬರು ಇಲ್ಲೊಬ್ಬರು ನಕ್ಕು, ಅರ್ಧಕ್ಕೇ ನಿಲ್ಲಿಸಿದರು. ಡಾಕ್ಟರಮ್ಮ ತಮ್ಮ ಕೋಣೆಯಲ್ಲಿ ಮಾತಾಡುವ ಅದೇ ಮೆಲುದನಿಯಲ್ಲಿ ಕೇಳಿದರು. "ಎಲ್ಲರೂ ನಗೋವಾಗ ಅವಳು ಏನು ಮಾಡ್ತಿದ್ಳು?"

ಕೇಳಿ ಸುಮ್ಮನಾದರು. ಸುಮ್ಮನಿರುವುದು ಅವರ ಕಸುಬು. ಎಷ್ಟು ಹೊತ್ತು ಬೇಕಾದರೂ, ಕಣ್ಣು ತಪ್ಪಿಸದೆ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದಂತೆ ಇರಬಲ್ಲರು. ಕೋಣೆಯಲ್ಲಿ ಆ ಮೌನ ಬಂದವರಿಗೆ ಆಸರೆ. ಇಲ್ಲಿ ಅದನ್ನು ಅವನ ಕುತ್ತಿಗೆಗೆ ಹಾಕಿ ಬಿಗಿದರು. ಸ್ಪೀಕರು ಗುಂಯ್ ಎಂದಿತು. ಅವನು ಕರವಸ್ತ್ರ ತೆಗೆದ.

"ಅವಳೂ... ಅವಳೂ ನಗ್ತಿದ್ಳು."

"ನೀವು ನೋಡಿದ್ರಾ?"

"ಅದು ಬಿ... ಬಿ... ಬಿಡಿ ಈಗ, ಬೇ... ಬೇ..."

ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಬಸ್ಸು 'ಬಿ' ಸ್ಟಾಪಲ್ಲೇ ನಿಂತಿದೆ!" ಇಡೀ ತಾರಸಿ ಗೊಳ್ಳೆಂದಿತು. ಮೈಕು ಅವನ ಕೈಯಿಂದ ಜಾರಿ ದಬ್ಬೆಂದು ಬಿತ್ತು. ಅವನು ಮೈಕನ್ನು ಅಲ್ಲೇ ಬಿಟ್ಟು, ಮೆಟ್ಟಿಲ ಕಡೆಗೆ ನಡೆದ. ಅವನ ಹೆಂಡತಿ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

ಆ ಸಂಜೆ ಡಾಕ್ಟರಮ್ಮ ಎರಡು ಸಲ ಬಡಿಸಿಕೊಂಡು ಉಂಡರು. ಹೊಟ್ಟೆ ತಣ್ಣಗಾಗಿತ್ತು. ಪಾತ್ರೆ ತೊಳೆಯುತ್ತಾ ಯಾವುದೋ ಹಾಡು ಗುನುಗಿದರು. ಮಲಗಿದ ಕೂಡಲೇ ನಿದ್ದೆ.

ಹುಡುಗಿ ಅವಳ ದಿನಕ್ಕಿಂತ ಮೊದಲೇ ಬಂದಳು. ಬೆಂಚಿನ ಮೇಲೆ ಕೂರದೆ ನೇರ ಒಳಗೆ ನುಗ್ಗಿದಳು, ಮೈಮೇಲೆ ಬೇಕರಿಯ ಏಪ್ರನ್ನು ಹಾಗೇ ಇತ್ತು.

"ಚಿಕ್ಕಪ್ಪ ಅಮ್ಮಂಗೆ ಫೋನ್ ಮಾಡಿದ್ರು. ಅ-ಅತ್ತರಂತೆ. ನಾಲ್ಕು ಜನರ ಮುಂದೆ ನಿನ್ನ ಮಗಳು ನನ್ನ ಮಾನ ತೆಗೆಸಿದ್ಳು ಅಂತ. ಆ ಮನಸ್ಸಿನ ಡಾಕ್ಟರ ಹತ್ರ ಹೋಗಿ ಮನೆ ವಿಷಯ ಹೇಳಿದಾಳೆ ಅಂತ. ಅಮ್ಮ ಈಗ ಅವರ ಪರ. ಪಾಪ ವಯಸ್ಸಾದ ಮನುಷ್ಯ ಅಂತಾರೆ. ಅತ್ತೆಯಂದಿರೆಲ್ಲ ಅವರ ಪರ."

"ನಾನು ನಿಮ್ಮ ಹೆಸರು ಎತ್ತಲಿಲ್ಲ..."

"ಎತ್ತಬೇಕಾ? ಆ ಜೋಕಲ್ಲಿರೋಳು ನಾನೊಬ್ಳೇ." ಅವಳು ಖಾಲಿ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಿದ್ದಳು. ಕೈ ನಡುಗುತ್ತಿರಲಿಲ್ಲ. "ಇಷ್ಟು ವರ್ಷ ಕೂಡಿಟ್ಕೊಂಡಿದ್ದೆ. ನೀವು ಒಂದು ಸಂಜೇಲಿ ಖರ್ಚು ಮಾಡಿಬಿಟ್ರಿ. ನಾಳೆ ನಾನು ಹೋಗಿ ಎದುರಿಗೆ ನಿಂತ್ರೆ, ಅವರೇ ಪಾಪ, ನಾನೇ ರಾ-ರಾಕ್ಷಸಿ. ನೀವೂ ಎಲ್ಲರ ಹಾಗೇ. ನನ್ನ ಮಾತನ್ನ ನೀವೇ ಪೂರ್ತಿ ಮಾಡಿಬಿಟ್ರಿ."

ಡಾಕ್ಟರಮ್ಮನಿಗೆ ಸುಳ್ಳು ಹೇಳುವ ದಾರಿಗಳಿದ್ದವು. ಹೇಳಲಿಲ್ಲ. "ಆ ಜೋಕನ್ನ ನಾನು ಹೋದ ವರ್ಷ ಕೇಳಿದ್ದೆ. ನಾನೂ ನಕ್ಕಿದ್ದೆ. ನೀವು ಹೇಳಿದ ದಿನವೇ ಗೊತ್ತಾಯ್ತು, ನಿಮಗೆ ಹೇಳ್ಲಿಲ್ಲ. ತಪ್ಪಾಯ್ತು."

ಹುಡುಗಿ ಕುರ್ಚಿಯಿಂದ ಕೈ ತೆಗೆದಳು. "ಹಾಗಾದ್ರೆ ಅದು ನನ್ನ ಸೇಡಲ್ಲ. ನಿಮ್ಮ ನಾ-ನಾಚಿಕೆ" ಎಂದಳು. "ನಿಮ್ಮ ಮೇಲೆ ದೂರು ಎಲ್ಲಿ ಕೊಡೋದು?"

ಡಾಕ್ಟರಮ್ಮ ಪರಿಷತ್ತಿನ ವಿಳಾಸ ಹೇಳಿದರು. ಸೈಕಾಲಜಿಸ್ಟರಿಗೆ ಲೈಸೆನ್ಸು ಕೊಡುವುದೂ ಕಿತ್ತುಕೊಳ್ಳುವುದೂ ಆ ಪರಿಷತ್ತೇ. ಹುಡುಗಿ ಗೋಡೆಗೆ ತಗುಲಿಹಾಕಿದ್ದ ಲೈಸೆನ್ಸಿನ ನಂಬರನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡು ಹೋದಳು.

ಕೊನೆಗೆ ಡಾಕ್ಟರಮ್ಮ ದೊಡ್ಡ ಮೇಡಂ ಮನೆಗೆ ಹೋದರು. ಮೇಡಂ ಕಿವಿಯ ಯಂತ್ರ ಸರಿಮಾಡಿಕೊಂಡು ಎಲ್ಲವನ್ನೂ ಕೇಳಿಸಿಕೊಂಡರು. ಬೈಯಲಿಲ್ಲ.

"ಕ್ಷಮೆ ಕೇಳಿದೆಯಾ?"

"ಕೇಳ್ದೆ ಮೇಡಂ."

"ಕೊಟ್ಟಳಾ?"

"ಇಲ್ಲ."

"ಬೇಡ ಅನ್ನೋದನ್ನ ಕಲ್ತಿದಾಳೆ. ಒಳ್ಳೇ ಕೆಲಸ ಮಾಡಿದ್ದೀಯ ಹಾಗಾದ್ರೆ, ಅಲ್ಲೀತನಕ." ಅವರು ನಕ್ಕರು, ಮತ್ತೆ ಗಂಭೀರವಾದರು. "ಅವಳ ಮೇಲೆ ಸಿಟ್ಟು ಬಂತಾ ನಿಂಗೆ?"

ಬಂದಿತ್ತು. ಡಾಕ್ಟರಮ್ಮ ಅದನ್ನೂ ಹೇಳಿದರು. ದೂರಿನ ನೋಟೀಸು ಕೈಗೆ ಬಂದ ದಿನ, ವಿಚಾರಣೆಯಲ್ಲಿ ಇವಳ ಬಗ್ಗೆ ನಾನೂ ಎರಡು ಮಾತು ಹೇಳಬಲ್ಲೆ, ಇವಳ ತಲೆಯೊಳಗೇನಿದೆ ಎಂದು ನನಗಿಂತ ಚೆನ್ನಾಗಿ ಗೊತ್ತಿರುವವರು ಯಾರು, ಎಂಬ ಯೋಚನೆ ಹಾವಿನ ಹಾಗೆ ತಲೆ ಎತ್ತಿತ್ತು. ಮೈಕಣ್ಣನ ಮುಂದೆ ಕೂತಾಗ ಬಂದಿತ್ತಲ್ಲ, ಅದೇ ರುಚಿ. ಆ ರುಚಿಗೆ ಹೆದರಿಯೇ ಅವರು ಅಂದು ಓಡಿಬಂದದ್ದು.

"ಹೆದರಿಕೆ ಇರ್ಲಿ. ಅದನ್ನ ಕಳ್ಕೋಬೇಡ" ಎಂದರು ದೊಡ್ಡ ಮೇಡಂ.

ಪರಿಷತ್ತಿನ ಕೋಣೆಯಲ್ಲಿ ಉದ್ದನೆಯ ಮೇಜಿನ ಹಿಂದೆ ಮೂವರು ಕೂತಿದ್ದರು. ಬರೆದು ಕೊಡಬಹುದು ಎಂದರೂ ಹುಡುಗಿ ಒಪ್ಪಲಿಲ್ಲ. ಬಾಯಲ್ಲೇ ಹೇಳುತ್ತೇನೆ ಎಂದಳು. ಎದ್ದು ನಿಂತು, ಒಂದೊಂದು ಶಬ್ದದ ಮುಂದೆ ಬೇಕಾದಷ್ಟು ಹೊತ್ತು ನಿಂತು, ಹೇಳಿದಳು. ನಡುವೆ ಒಬ್ಬ ಸದಸ್ಯರು ಕರುಣೆಯಿಂದ ಅವಳ ಮಾತನ್ನು ತಾವೇ ಮುಂದುವರಿಸಲು ಹೋದರು. "ಕಾಯಿರಿ" ಎಂದಳು. ಅವರು ಕಾದರು. ಡಾಕ್ಟರಮ್ಮ ಅವಳ ಮುಖ ನೋಡುತ್ತಾ ಕೂತರು, ಬಿದ್ದ ಪ್ರತಿ ಏಟನ್ನೂ ತಿಂದರು. ನಿಮ್ಮ ಉತ್ತರವೇನು ಎಂದಾಗ, "ಅವರು ಹೇಳಿದ್ದೆಲ್ಲ ನಿಜ" ಎಂದಷ್ಟೇ ಹೇಳಿದರು. ಅರ್ಧ ವರ್ಷ ಕೆಲಸ ಮಾಡುವಂತಿಲ್ಲ, ಆಮೇಲೆ ಇನ್ನೊಬ್ಬರ ಉಸ್ತುವಾರಿಯಲ್ಲಿ ಮಾತ್ರ ಎಂದು ತೀರ್ಪಾಯಿತು.

ಹೊರಗೆ ಓಣಿಯಲ್ಲಿ ಹುಡುಗಿ ಎದುರಾದಳು. ಅವಳ ಕಣ್ಣಲ್ಲಿ ಗೆದ್ದವರ ಹೊಳಪಿತ್ತು, ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ.

"ಬೇರೆ ಯಾರ ಹತ್ರ ಹೋಗ್ಲಿ? ನಿಮ್ಮ ಸ್ನೇಹಿತರು ಬೇಡ."

ಡಾಕ್ಟರಮ್ಮ ತಮಗೆ ಆಗದ ಒಬ್ಬರ ಹೆಸರು ಹೇಳಿದರು. ಕೆಲಸದಲ್ಲಿ ಗಟ್ಟಿಗರು, ಒಂದು ಕಾಲದಲ್ಲಿ ಡಾಕ್ಟರಮ್ಮನ ಜೊತೆ ಕಚ್ಚಾಡಿ ದೂರವಾದವರು. ಹುಡುಗಿ ತಲೆಯಾಡಿಸಿದಳು. "ಚಿಕ್ಕಪ್ಪನ್ನ ಏನು ಮಾಡ್ತೀನಿ ಅಂತ ನಿಮಗೆ ಹೇಳಲ್ಲ. ಅದು ನಂದು" ಎಂದು ಹೊರಟುಹೋದಳು.

ಆ ಅರ್ಧ ವರ್ಷ ಡಾಕ್ಟರಮ್ಮನಿಗೆ ಕಷ್ಟವಾಯಿತು. ಮೈಕಣ್ಣ ಸುಧಾರಿಸಿಕೊಂಡಿದ್ದ. ವಿಚಾರಣೆಯ ಸುದ್ದಿ ಅವನಿಗೆ ಹೇಗೋ ಸಿಕ್ಕಿ, ಹೊಸ ಜೋಕೊಂದು ಹುಟ್ಟಿತ್ತು. "ನಮ್ಮ ಡಾಕ್ಟರಮ್ಮನ ಲೈಸೆನ್ಸಿಗೆ ಮನಸ್ಸು ಸರಿ ಇಲ್ವಂತೆ, ಆರು ತಿಂಗಳು ರೆಸ್ಟು!" ಲಿಫ್ಟಿನಲ್ಲಿ ಜನ ಅವರನ್ನು ಕಂಡು ನಗು ನುಂಗಿಕೊಳ್ಳುತ್ತಿದ್ದರು. ಹಲ್ಲು ಕಚ್ಚಿ ಮಹಡಿ ಬರುವುದನ್ನೇ ಕಾಯುತ್ತಿದ್ದ ಅವರಿಗೆ ಒಂದೊಂದು ಸಲ, ಇನ್ನೊಂದೇ ಒಂದು ಪ್ರಶ್ನೆ ಕೇಳಿದರೆ ಇವನು ಇಲ್ಲೇ ಕುಸಿಯುತ್ತಾನೆ ಅನ್ನಿಸುತ್ತಿತ್ತು. ಕೇಳಲಿಲ್ಲ. ಮನೆಗೆ ಬಂದು ದಿಂಬನ್ನು ಗುದ್ದಿದ್ದುಂಟು. "ಮನೆ ಬದಲಾಯ್ಸೋಣ್ವೇ?" ಎಂದು ಗಂಡ ಕೇಳಿದರು. "ಅವನು ಹೋಗ್ಲಿ, ನಾನ್ಯಾಕೆ ಹೋಗ್ಲಿ?"

ಕೆಲಸಕ್ಕೆ ಮರಳಿದ ಮೇಲೆ ಅವರು ಹೊಸಬರಿಗೆ ಮೊದಲ ದಿನವೇ ತಮ್ಮ ಮನೆ ಎಲ್ಲಿದೆ, ಯಾವ ಯಾವ ಕೂಟಗಳಿಗೆ ಹೋಗುತ್ತೇನೆ ಎಂದು ಹೇಳತೊಡಗಿದರು. ಯಾರದಾದರೂ ಕಥೆ ಕೇಳಿ ತಮ್ಮ ಕಿವಿ ಬಿಸಿಯಾದರೆ ಅದೇ ವಾರ ದೊಡ್ಡ ಮೇಡಂ ಮನೆಯ ಬಾಗಿಲು ತಟ್ಟುತ್ತಿದ್ದರು.

ಒಂದು ಭಾನುವಾರ ಕಟ್ಟಡದ ಮುಂದೆ ಸಾಮಾನಿನ ಲಾರಿ ನಿಂತಿತ್ತು. ಮೈಕಣ್ಣ ಯಾರಿಗೂ ಹೇಳದೆ ಮನೆ ಖಾಲಿ ಮಾಡುತ್ತಿದ್ದ. ಅವನು ಕಾರಿನ ಹಿಂದಿನ ಸೀಟಿನಲ್ಲಿ ಗಾಜು ಏರಿಸಿಕೊಂಡು ಕೂತಿದ್ದ. ಲಿಫ್ಟಿನಲ್ಲಿ ಅವನ ಹೆಂಡತಿ ಒಬ್ಬಳೇ, ಕಂಕುಳಲ್ಲಿ ಉದ್ದನೆಯ ಗೋಡೆ ಗಡಿಯಾರ. ಎಷ್ಟೋ ವರ್ಷ ಅವನ ಜೋಕುಗಳಲ್ಲಿ ದಡ್ಡ ಹೆಂಡತಿಯಾಗಿದ್ದವಳು ಅವಳೇ. ಡಾಕ್ಟರಮ್ಮ ಒಳಗೆ ಬಂದು ನಿಂತರು. ಅವಳೇ ಮಾತು ತೆಗೆದಳು.

"ನಮ್ಮ ಹುಡುಗಿ ಬಂದಿದ್ಳು."

ಡಾಕ್ಟರಮ್ಮ ಅವಳ ಕಡೆ ತಿರುಗಿದರು.

"ಮಧ್ಯಾಹ್ನ ಬಂದ್ಳು, ದೀಪ ಹಾಕೋ ಹೊತ್ತಿನ ತನಕ ಅವಳೊಬ್ಳೇ ಮಾತಾಡಿದ್ಳು. ಇವರು ಎರಡು ಸಲ ಎದ್ರು. ನಾನೇ ಕೂರಿಸ್ದೆ." ಅವಳ ತುಟಿ ಅದುರುತ್ತಿತ್ತು. ನಗುವೋ ಅಳುವೋ ತಿಳಿಯಲಿಲ್ಲ, ಕಣ್ಣು ಮಾತ್ರ ಹೊಳೆಯುತ್ತಿತ್ತು. "ಏನೇನು ಹೇಳಿದ್ಳು ಗೊತ್ತಾ!"

ಡಾಕ್ಟರಮ್ಮನ ನಾಲಿಗೆಯ ತುದಿಗೆ ನೂರು ಪ್ರಶ್ನೆ ಬಂದವು. ಅವನ ಮುಖ ಹೇಗಿತ್ತು? ಬೆವರಿದನಾ? ಅತ್ತನಾ? ಕೊನೆಗೆ ಏನಂದ? ಕೇಳಿದರೆ ಈ ಹೆಂಗಸು ಎಲ್ಲವನ್ನೂ ಬಿಚ್ಚಿ ಬಿಚ್ಚಿ ಹೇಳುವ ಹಾಗಿದ್ದಳು.

"ಅದು ಅವಳ ಮಾತು. ನನಗೆ ಬೇಡಮ್ಮ" ಎಂದರು ಡಾಕ್ಟರಮ್ಮ. ಲಿಫ್ಟು ಕೆಳಗೆ ನಿಂತಿತು. ಅವರು ಗಡಿಯಾರದ ಇನ್ನೊಂದು ತುದಿ ಹಿಡಿದು, ಲಾರಿಯವರೆಗೆ ಅವಳ ಜೊತೆ ನಡೆದರು.